ಕಂಟ್ರೋಲ್ ಡೆಕ್ ಕಟ್ಟುವುದು, ತಿದ್ದುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉದಾಹರಣೆಗಳೆಲ್ಲ ಮ್ಯಾಜಿಕ್: ದ ಗ್ಯಾದರಿಂಗ್ ಆಟದ ಪಯೋನಿಯರ್ ಫಾರ್ಮ್ಯಾಟ್‌ನವು. 2012ರ ರಿಟರ್ನ್ ಟು ರಾವ್ನಿಕಾ ಸೆಟ್‌ನಿಂದ ಈಚೆಗೆ ಬಂದ ಕಾರ್ಡ್‌ಗಳನ್ನು ಇದರಲ್ಲಿ ಆಡಬಹುದು. ಡೆಕ್ ಬಿಳಿ-ನೀಲಿ ಬಣ್ಣದ್ದು, ಅಂದರೆ ಅಜೋರಿಯಸ್ ಕಂಟ್ರೋಲ್. ಆಟದ ಮೂಲ ನಿಯಮ ನಿಮಗೆ ಗೊತ್ತಿದೆ ಅಂದುಕೊಂಡು ಬರೆದಿದ್ದೇನೆ.

ಕಂಟ್ರೋಲ್ ಅಂದರೆ ಸುಮ್ನೆ ಆಟ ಎಳೆಯೋದಾ?

ಆಟ ಉದ್ದವಾಗುತ್ತದೆ, ನಿಜ. ಆದರೆ ಅದಕ್ಕೊಂದು ಕಾರಣ ಇದೆ. ಕಂಟ್ರೋಲ್ ಆಡುವವರು ಎದುರಾಳಿ ಹಾಕಿದ್ದಕ್ಕೆಲ್ಲ ಉತ್ತರ ಕೊಡುತ್ತಾ ಹೋಗುತ್ತಾರೆ. ನಡುನಡುವೆ ತಮ್ಮ ಒಂದು ಕಾರ್ಡ್ ಖರ್ಚು ಮಾಡಿ ಅವರ ಎರಡೋ ಮೂರೋ ಕಾರ್ಡ್ ತೆಗೆಯುತ್ತಾರೆ. ಹತ್ತನೇ ಟರ್ನ್ ಹೊತ್ತಿಗೆ ಎದುರಾಳಿಯ ಕೈ ಖಾಲಿ, ನಿಮ್ಮ ಕೈ ತುಂಬ. ಅಲ್ಲಿಂದ ಮುಂದೆ ನೀವು ಏನು ಹಾಕಿದರೂ ಗೆಲುವೇ.

ಈ ದಾರಿ ತೋರಿಸಿದವರಲ್ಲಿ ಮೊದಲು ನೆನಪಾಗುವುದು ಅಮೆರಿಕದ ಬ್ರಯಾನ್ ವೈಸ್‌ಮನ್. ಆಟ ಶುರುವಾಗಿದ್ದು 1993ರಲ್ಲಿ. ಅದಾಗಿ ಎರಡು-ಮೂರು ವರ್ಷದೊಳಗೆ ಅವರ ಡೆಕ್ ಎಷ್ಟು ಹೆಸರಾಯಿತು ಅಂದರೆ, ಎಲ್ಲರೂ ಅದನ್ನು 'ದ ಡೆಕ್' ಅಂತಲೇ ಕರೆದರು. ಅದರಲ್ಲಿ ಗೆಲ್ಲಿಸೋಕೆ ಇದ್ದದ್ದು ಎರಡೇ ಎರಡು ಸೆರಾ ಏಂಜೆಲ್. ಉಳಿದದ್ದು ಹೆಚ್ಚುಕಡಿಮೆ ಉತ್ತರಗಳು, ಕಾರ್ಡ್ ತಂದುಕೊಡುವ ಕಾರ್ಡ್‌ಗಳು ಮತ್ತು ಮಾನಾ. ಇವತ್ತಿಗೂ ಕಂಟ್ರೋಲ್ ಡೆಕ್‌ಗಳ ಮೈಕಟ್ಟು ಇದೇ.

ಎಲ್ಲಿಂದ ಶುರು ಮಾಡಲಿ?

ನಿಮಗಿಷ್ಟದ ಕಾರ್ಡ್‌ಗಳಿಂದ ಅಲ್ಲ, ನೀವು ಎದುರಿಸಬೇಕಾದ ಡೆಕ್‌ಗಳಿಂದ. ಇದೊಂದು ಮಾತು ಸರಿಯಾಗಿ ಹಿಡಿದುಕೊಂಡರೆ ಮುಂದಿನ ಅರ್ಧ ಕೆಲಸ ಸಲೀಸು.

ಅಗ್ರೋ, ಅಂದರೆ ಬರೀ ವೇಗದ ದಾಳಿಯ ಡೆಕ್ ಆಡುವವರಿಗೆ ಈ ಚಿಂತೆ ಇಲ್ಲ. ಎದುರಿಗೆ ಯಾರೇ ಕೂತರೂ ಅವರು ಕೇಳುವ ಪ್ರಶ್ನೆ ಒಂದೇ: 20 ಲೈಫ್ ಎಷ್ಟು ಬೇಗ ಇಳಿಸಬಹುದು? ಕಂಟ್ರೋಲ್ ಹಾಗಲ್ಲ. ಬ್ಯಾಟರ್ ಯಾರು ಅಂತ ನೋಡಿ ಫೀಲ್ಡಿಂಗ್ ಹೊಂದಿಸಿದ ಹಾಗೆ, ಎದುರಿಗೆ ಏನು ಬರುತ್ತದೆ ಅಂತ ಗೊತ್ತಿದ್ದರೇ ಉತ್ತರ ಆರಿಸೋಕೆ ಆಗುವುದು.

ಒಂದು ಹಾಳೆ ತೆಗೆದುಕೊಳ್ಳಿ. ನೀವು ಆಡಲು ಹೋಗುವ ಜಾಗದಲ್ಲಿ ಕಾಣಿಸುವ ಐದಾರು ಡೆಕ್‌ಗಳ ಹೆಸರು ಬರೆಯಿರಿ. ಪ್ರತಿಯೊಂದರ ಎದುರು, ನೀವು ಸೋಲೋದಾದರೆ ಯಾವ ಕಾರ್ಡ್‌ನಿಂದ ಸೋಲುತ್ತೀರಿ, ಅದು ಎಷ್ಟನೇ ಟರ್ನ್‌ಗೆ ಬರುತ್ತದೆ ಅಂತ ಬರೆಯಿರಿ. ಈಗ ಉತ್ತರ ಹುಡುಕಿ.

ಆರ್ಕ್‌ಲೈಟ್ ಫೀನಿಕ್ಸ್ ತೆಗೆದುಕೊಳ್ಳೋಣ. ಎಲ್ಲ ಕ್ರೀಚರ್‌ಗಳನ್ನೂ ಕೊಲ್ಲುವ ಸುಪ್ರೀಮ್ ವರ್ಡಿಕ್ಟ್ ಹಾಕಿ ಕೊಂದರೆ ಈ ಕ್ರೀಚರ್ ಗ್ರೇವ್‌ಯಾರ್ಡ್‌ಗೆ ಹೋಗುತ್ತದೆ. ಎದುರಾಳಿ ಒಂದೇ ಟರ್ನ್‌ನಲ್ಲಿ ಮೂರು ಇನ್‌ಸ್ಟಂಟ್ ಅಥವಾ ಸಾರ್ಸರಿ ಆಡಿದರೆ ಎದ್ದು ಬರುತ್ತದೆ. ಅಲ್ಲಿ ನಿಮಗೆ ಎಕ್ಸೈಲ್ ಮಾಡುವ, ಅಂದರೆ ಆಟದಿಂದಲೇ ಹೊರಹಾಕುವ ಉತ್ತರವೇ ಬೇಕು. ಲೋಟಸ್ ಫೀಲ್ಡ್ ಲ್ಯಾಂಡ್ ಸುತ್ತ ಕಟ್ಟಿದ ಕಾಂಬೊ ಡೆಕ್ (ಕೆಲವು ಕಾರ್ಡ್ ಜೋಡಿಸಿ ಒಮ್ಮೆಗೇ ಗೆಲ್ಲುವ ಡೆಕ್) ಎದುರು ವರ್ಡಿಕ್ಟ್ ಕೈಯಲ್ಲಿ ಕೊಳೆಯುತ್ತದೆ. ಆ ಲ್ಯಾಂಡ್‌ಗೆ ಹೆಕ್ಸ್‌ಪ್ರೂಫ್ ಇರುವುದರಿಂದ ಗುರಿಯಿಟ್ಟು ಹೊಡೆಯೋಕೂ ಬರುವುದಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಕೌಂಟರ್, ಅಂದರೆ ಸ್ಪೆಲ್ ಆಡುವಾಗಲೇ ಅದನ್ನು ತಡೆಯುವ ಕಾರ್ಡ್ ಮಾತ್ರ. ಥಾಟ್‌ಸೀಜ್ ಆಡುವ ಕಪ್ಪು ಡೆಕ್‌ಗಳು ನಿಮ್ಮ ಕೈಯಿಂದಲೇ ಒಳ್ಳೆಯ ಕಾರ್ಡ್ ಕಿತ್ತುಹಾಕುತ್ತವೆ. ಹಾಗಾಗಿ ಒಂದೇ ಕಾರ್ಡ್ ನಂಬಿಕೊಂಡ ಯೋಜನೆ ಅಲ್ಲಿ ನಿಲ್ಲುವುದಿಲ್ಲ.

ಹಾಗಾದರೆ 60 ಕಾರ್ಡ್ ಹೇಗೆ ಹಂಚಲಿ?

ಒಂದು ಆರಂಭದ ಕಟ್ಟು ಹೇಳುತ್ತೇನೆ. ಇದನ್ನು ಹಾಗೇ ಆಡಬೇಕು ಅಂತಲ್ಲ, ತಿದ್ದಲು ಕೈಗೆ ಏನಾದರೂ ಬೇಕಲ್ವಾ?

27 ಲ್ಯಾಂಡ್. 8 ಕೌಂಟರ್: ನಾಲ್ಕು ನೋ ಮೋರ್ ಲೈಸ್, ಎರಡು ಅಬ್ಸಾರ್ಬ್, ಎರಡು ಡೋವಿನ್ಸ್ ವೀಟೊ. ಒಂದೊಂದನ್ನೇ ತೆಗೆಯುವ ಕಾರ್ಡ್ 6: ಮೂರು ಗೆಟ್ ಲಾಸ್ಟ್, ಮೂರು ಮಾರ್ಚ್ ಆಫ್ ಅದರ್‌ವರ್ಲ್ಡ್ಲಿ ಲೈಟ್. ಟೇಬಲ್ ಗುಡಿಸುವ ವೈಪ್ 5: ಮೂರು ಸುಪ್ರೀಮ್ ವರ್ಡಿಕ್ಟ್, ಎರಡು ಟೆಂಪೊರರಿ ಲಾಕ್‌ಡೌನ್. ಕಾರ್ಡ್ ತಂದುಕೊಡಲು ನಾಲ್ಕು ಮೆಮೊರಿ ಡೆಲ್ಯೂಜ್, ಮತ್ತೆ ನಾಲ್ಕು ವಾಂಡರಿಂಗ್ ಎಂಪರರ್, ಮೂರು ಟೆಫೆರಿ ಹೀರೋ ಆಫ್ ಡೊಮಿನಾರಿಯಾ, ಮೂರು ಶಾರ್ಕ್ ಟೈಫೂನ್.

ಇದರೊಳಗೆ ಒಂದು ಹೊಂದಾಣಿಕೆ ಇದೆ, ಗಮನಿಸಿ. ವರ್ಡಿಕ್ಟ್ ಕ್ರೀಚರ್‌ಗಳನ್ನು ಮಾತ್ರ ಕೊಲ್ಲುತ್ತದೆ, ನಿಮ್ಮ ಪ್ಲೇನ್ಸ್‌ವಾಕರ್‌ಗಳು (ಎಂಪರರ್, ಟೆಫೆರಿ) ಟೇಬಲ್ ಮೇಲೆ ಹಾಗೇ ಉಳಿಯುತ್ತವೆ. ಲಾಕ್‌ಡೌನ್ ಎರಡು ಅಥವಾ ಅದಕ್ಕಿಂತ ಕಡಿಮೆ ಬೆಲೆಯ ಎಲ್ಲವನ್ನೂ ಎಕ್ಸೈಲ್ ಮಾಡುತ್ತದೆ, ಲ್ಯಾಂಡ್ ಬಿಟ್ಟು. ನಿಮ್ಮ ಡೆಕ್‌ನಲ್ಲಿ ಅಂಥ ಪರ್ಮನೆಂಟ್ (ಟೇಬಲ್ ಮೇಲೆ ಉಳಿಯುವ ಕಾರ್ಡ್) ಇಲ್ಲ. ಆದರೆ ಟೋಕನ್‌ಗಳ ಬೆಲೆ ಸೊನ್ನೆ. ಎಂಪರರ್ ತಂದ ಸಮುರಾಯ್, ಟೈಫೂನ್ ತಂದ ಶಾರ್ಕ್ ಎರಡೂ ಲಾಕ್‌ಡೌನ್ ಜೊತೆಗೆ ಹೋಗುತ್ತವೆ. ಹಾಕುವ ಮುಂಚೆ ನಿಮ್ಮ ಟೇಬಲ್ ಕಡೆಯೂ ಒಮ್ಮೆ ನೋಡಿ.

27 ಲ್ಯಾಂಡ್ ಜಾಸ್ತಿ ಆಗಲಿಲ್ವಾ?

ಇಲ್ಲ. ಈ ಡೆಕ್‌ನ ಜೀವ ಇರುವುದು ನಾಲ್ಕನೇ ಟರ್ನ್‌ಗೆ ನಾಲ್ಕನೇ ಲ್ಯಾಂಡ್ ಇಳಿಸುವುದರಲ್ಲಿ. ವರ್ಡಿಕ್ಟ್, ಎಂಪರರ್, ಡೆಲ್ಯೂಜ್ ಮೂರೂ ನಾಲ್ಕು ಮಾನಾದವು. ಲೆಕ್ಕ ಹಾಕಿ ನೋಡೋಣ. ನೀವೇ ಮೊದಲು ಆಡುತ್ತಿದ್ದರೆ ನಾಲ್ಕನೇ ಟರ್ನ್ ಹೊತ್ತಿಗೆ 10 ಕಾರ್ಡ್ ನೋಡಿರುತ್ತೀರಿ. 24 ಲ್ಯಾಂಡ್ ಇದ್ದರೆ ಆ ಹತ್ತರಲ್ಲಿ ನಾಲ್ಕಾದರೂ ಲ್ಯಾಂಡ್ ಇರುವ ಸಾಧ್ಯತೆ ಸುಮಾರು ಶೇ 63. 26 ಇದ್ದರೆ ಶೇ 72. 27ಕ್ಕೆ ಶೇ 75. ಅಂದರೆ 24 ಲ್ಯಾಂಡ್ ಹಾಕಿದವರು ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಆಟಗಳಲ್ಲಿ ವರ್ಡಿಕ್ಟ್ ಕೈಯಲ್ಲಿ ಹಿಡಿದುಕೊಂಡು ಹೊಡೆತ ತಿನ್ನುತ್ತಾರೆ.

ಆಮೇಲೆ ಬರೀ ಲ್ಯಾಂಡ್ ಬಂದರೆ ಏನು ಗತಿ ಅನ್ನುವುದು ನ್ಯಾಯವಾದ ಭಯ. ಅದಕ್ಕೇ ಕೆಲಸ ಮಾಡುವ ಲ್ಯಾಂಡ್‌ಗಳನ್ನು ಹಾಕುವುದು. ಹಾಲ್ ಆಫ್ ಸ್ಟಾರ್ಮ್ ಜೈಂಟ್ಸ್ ಆರು ಮಾನಾ ಕೊಟ್ಟರೆ ಆ ಟರ್ನ್‌ಗೆ 7/7 ದೈತ್ಯ ಆಗುತ್ತದೆ. ಐಗಾಂಜೊವನ್ನು ಕೈಯಿಂದಲೇ ಎಸೆದು, ದಾಳಿಗೆ ಬಂದ ಕ್ರೀಚರ್‌ಗೆ ನಾಲ್ಕು ಡ್ಯಾಮೇಜ್ ಕೊಡಬಹುದು. ಒಟವಾರಾ ಬೇಡದ ಪರ್ಮನೆಂಟ್ ಒಂದನ್ನು ಅದರ ಮಾಲೀಕರ ಕೈಗೆ ವಾಪಸ್ ಕಳಿಸುತ್ತದೆ. ಐಗಾಂಜೊ, ಒಟವಾರಾ ಎರಡೂ ಲೆಜೆಂಡರಿ (ಅದೇ ಹೆಸರಿನ ಎರಡನ್ನು ಒಟ್ಟಿಗೆ ಟೇಬಲ್ ಮೇಲೆ ಇಟ್ಟುಕೊಳ್ಳುವಂತಿಲ್ಲ), ಒಂದೊಂದು ಸಾಕು.

ಬಣ್ಣದ ಲೆಕ್ಕ ಹೇಗೆ?

ವರ್ಡಿಕ್ಟ್‌ಗೆ ಎರಡು ಬಿಳಿ ಬೇಕು, ಒಂದು ನೀಲಿ ಬೇಕು. ಅಬ್ಸಾರ್ಬ್‌ಗೆ ಎರಡು ನೀಲಿ, ಒಂದು ಬಿಳಿ. ಎರಡೂ ಕಡೆ ಎಳೆತ ಇದೆ. ಡೆಕ್ ಗಣಿತಕ್ಕೆ ಹೆಸರಾದ ಫ್ರಾಂಕ್ ಕಾರ್ಸ್ಟನ್ ಅವರ ಲೆಕ್ಕದಂತೆ, ಮೂರನೇ ಟರ್ನ್‌ಗೆ ಒಂದೇ ಬಣ್ಣದ ಎರಡು ಮಾನಾ ಬೇಕಾದರೆ 60ರ ಡೆಕ್‌ನಲ್ಲಿ ಆ ಬಣ್ಣದ ಮಾನಾ ಕೊಡುವ 18 ಮೂಲ ಇರಬೇಕು. ಹ್ಯಾಲೋಡ್ ಫೌಂಟನ್, ಡೆಸರ್ಟೆಡ್ ಬೀಚ್, ಗ್ಲೇಶಿಯಲ್ ಫೋರ್ಟ್ರೆಸ್ ನಾಲ್ಕು ನಾಲ್ಕು ಹಾಕಿದರೆ ಎರಡೂ ಬಣ್ಣಕ್ಕೆ 12 ಆಯಿತು. ಉಳಿದದ್ದನ್ನು ಇದರ ಮೇಲೆ ತುಂಬಿಸುತ್ತಾ ಹೋಗಿ. ಬಣ್ಣವಿಲ್ಲದ ಮಾನಾ ಕೊಡುವ ಲ್ಯಾಂಡ್ ಒಂದೆರಡಕ್ಕಿಂತ ಜಾಸ್ತಿ ಬೇಡ.

ಕೌಂಟರ್ ಜಾಸ್ತಿ ಇದ್ದಷ್ಟೂ ಒಳ್ಳೆಯದಲ್ವಾ?

ಕೌಂಟರ್‌ಗೆ ಒಂದು ಮಿತಿ ಇದೆ. ಕಾರ್ಡ್ ಟೇಬಲ್‌ಗೆ ಬಂದು ಕೂತ ಮೇಲೆ ಅದು ಏನೂ ಮಾಡಲಾರದು. ಎದುರಾಳಿ ಮೊದಲು ಆಡಿ ಮೊದಲ ಟರ್ನ್‌ಗೇ ಒಂದು ಮಾನಾದ ಕ್ರೀಚರ್ ಇಳಿಸಿದರು ಅನ್ನಿ. ನಿಮ್ಮ ಎರಡು ಮಾನಾದ ಕೌಂಟರ್ ಅದನ್ನು ಮುಟ್ಟೋಕೇ ಆಗುವುದಿಲ್ಲ. ಅದು ಆಟದುದ್ದಕ್ಕೂ ಹೊಡೆಯುತ್ತಲೇ ಇರುತ್ತದೆ. ಆದ್ದರಿಂದ ವೇಗದ ಡೆಕ್ ಜಾಸ್ತಿ ಇರುವ ಕಡೆ ಕೌಂಟರ್ ಇಳಿಸಿ, ಅಗ್ಗದ ಉತ್ತರ ಏರಿಸಿ. ಕಾಂಬೊ ಮತ್ತು ದೊಡ್ಡ ಸ್ಪೆಲ್‌ಗಳ ಡೆಕ್ ಜಾಸ್ತಿ ಇದ್ದರೆ ಉಲ್ಟಾ.

ಕೌಂಟರ್‌ಗಳಲ್ಲೂ ವ್ಯತ್ಯಾಸ ಇದೆ. ನೋ ಮೋರ್ ಲೈಸ್ ಎದುರಾಳಿ ಮೂರು ಮಾನಾ ಕೊಟ್ಟರೆ ಕೆಲಸ ಮಾಡುವುದಿಲ್ಲ. ಹಾಗಾಗಿ ಆಟದ ಮೊದಲ ಭಾಗದಲ್ಲಿ ಚಿನ್ನ, ಹತ್ತನೇ ಟರ್ನ್‌ನಲ್ಲಿ ದುರ್ಬಲ. ಅಬ್ಸಾರ್ಬ್ ಯಾವತ್ತೂ ಗಟ್ಟಿ, ಮೇಲೆ ಮೂರು ಲೈಫ್. ಆದರೆ ಮೂರು ಮಾನಾ ತಡೆದಿಟ್ಟುಕೊಳ್ಳಬೇಕು. ಡೋವಿನ್ಸ್ ವೀಟೊವನ್ನು ಯಾರೂ ಕೌಂಟರ್ ಮಾಡೋಕೆ ಆಗುವುದಿಲ್ಲ, ಆದರೆ ಕ್ರೀಚರ್ ಬಂದರೆ ಅದು ಸುಮ್ನೆ ನೋಡುತ್ತಿರಬೇಕು.

ವೈಪ್ ಯಾವಾಗ ಹಾಕಬೇಕು?

ಅತಿ ಹೆಚ್ಚು ಆಟಗಳು ತೀರ್ಮಾನವಾಗುವುದು ಇಲ್ಲೇ. ಒಂದು ಸನ್ನಿವೇಶವನ್ನು ಹತ್ತಿರದಿಂದ ನೋಡೋಣ.

ಎದುರಿಗೆ ಕೆಂಪು ಡೆಕ್. ಟೇಬಲ್ ಮೇಲೆ ಅವರ ಎರಡು ಕ್ರೀಚರ್: ಒಂದರ ಬಲ 3, ಇನ್ನೊಂದರದು 2. ಅವರ ಕೈಯಲ್ಲಿ ಮೂರು ಕಾರ್ಡ್. ನಿಮ್ಮ ಲೈಫ್ 11. ನಾಲ್ಕನೇ ಲ್ಯಾಂಡ್ ಈಗಷ್ಟೇ ಇಳಿಸಿದ್ದೀರಿ. ಕೈಯಲ್ಲಿ ವರ್ಡಿಕ್ಟ್ ಇದೆ, ಎಂಪರರ್ ಇದೆ.

ಕೈ ತುರಿಸುತ್ತದೆ, ವರ್ಡಿಕ್ಟ್ ಹಾಕಿಬಿಡೋಣ ಅಂತ. ಹಾಕಿದರೆ ಒಂದಕ್ಕೆ ಎರಡು. ಮರುಟರ್ನ್ ಅವರು ಹೊಸದಾಗಿ ಎರಡು ಇಳಿಸುತ್ತಾರೆ, ನೀವು ಮತ್ತೆ ಅದೇ ಜಾಗದಲ್ಲಿ.

ಇನ್ನೊಂದು ದಾರಿ: ಏನೂ ಆಡದೆ ಟರ್ನ್ ಬಿಡಿ. ಅವರು ಎರಡರಿಂದಲೂ ದಾಳಿ ಮಾಡುತ್ತಾರೆ. ದಾಳಿ ಘೋಷಿಸಿದ ಮೇಲೆ ಎಂಪರರ್ ಹಾಕಿ. ಎಂಪರರ್‌ಗೆ ಫ್ಲಾಶ್ ಇದೆ, ಅಂದರೆ ಎದುರಾಳಿಯ ಟರ್ನ್‌ನಲ್ಲೂ ಹಾಕಬಹುದು; ಬಂದ ಟರ್ನ್‌ನಲ್ಲಿ ಎಂಪರರ್‌ನ ಸಾಮರ್ಥ್ಯವನ್ನು ಎದುರಾಳಿಯ ಟರ್ನ್‌ನಲ್ಲೂ ಬಳಸಬಹುದು. ಎರಡು ಲಾಯಲ್ಟಿ (ಪ್ಲೇನ್ಸ್‌ವಾಕರ್‌ನ ಅಂಕ) ಕೊಟ್ಟು, ಟ್ಯಾಪ್ ಆಗಿರುವ 3 ಬಲದ ಕ್ರೀಚರ್ ಎಕ್ಸೈಲ್ ಮಾಡಿ. ನಿಮಗೆ ಎರಡು ಲೈಫ್ ಬಂತು. ಇನ್ನೊಂದರಿಂದ ಎರಡು ಹೋಯಿತು. ಲೈಫ್ 11ರಲ್ಲೇ ನಿಂತಿತು. ದಾಳಿ ಆಗಲೇ ಘೋಷಣೆಯಾದ್ದರಿಂದ ಎಂಪರರ್ ಮೇಲೆ ಈ ಟರ್ನ್ ಯಾರೂ ನುಗ್ಗುವಂತಿಲ್ಲ. ಈಗ ಅವರು ಎಂಪರರ್‌ನ ಉರುಳಿಸಬೇಕಲ್ಲ, ಅದಕ್ಕೆ ಯುದ್ಧದ ನಂತರ ಇನ್ನೆರಡು ಕ್ರೀಚರ್ ಇಳಿಸುತ್ತಾರೆ. ನಿಮ್ಮ ಟರ್ನ್ ಬಂದಾಗ ವರ್ಡಿಕ್ಟ್. ಮೂರೂ ಹೋದವು. ಎರಡು ಕಾರ್ಡ್‌ಗೆ ಅವರ ನಾಲ್ಕು ಕಾರ್ಡ್, ಮೇಲೆ ಎಂಪರರ್ ಟೇಬಲ್ ಮೇಲಿದ್ದಾರೆ, ಅವರ ಕೈಯಲ್ಲಿ ಉಳಿದದ್ದು ಹೆಚ್ಚೆಂದರೆ ಎರಡು ಕಾರ್ಡ್ ಮತ್ತು ಮುಂದೆ ಎಳೆಯುವುದು.

ಇದೇ ಸನ್ನಿವೇಶದಲ್ಲಿ ನಿಮ್ಮ ಲೈಫ್ 5 ಇದ್ದಿದ್ದರೆ? ಆಗ ಕಾಯಬೇಡಿ. ಕೆಂಪು ಡೆಕ್‌ನ ಕೈಯಲ್ಲಿ ನೇರ ಡ್ಯಾಮೇಜ್ ಕಾರ್ಡ್‌ಗಳಿರುತ್ತವೆ. ಒಂದು ಟರ್ನ್ ಕಾದು ಗಳಿಸುವ ಕಾರ್ಡ್‌ಗಿಂತ ಲೈಫ್ ಉಳಿಸಿಕೊಳ್ಳುವುದು ಮುಖ್ಯ. ಎಷ್ಟು ಹೊತ್ತು ಕಾಯಬಹುದು ಅನ್ನುವುದನ್ನು ಎದುರಾಳಿಯ ಟೇಬಲ್‌ನಷ್ಟೇ ನಿಮ್ಮ ಲೈಫ್ ಕೂಡ ಹೇಳುತ್ತದೆ.

ಗೆಲ್ಲಿಸುವ ಕಾರ್ಡ್ ಎಷ್ಟು ಬೇಕು?

ನೀವು ಅಂದುಕೊಂಡದ್ದಕ್ಕಿಂತ ಕಡಿಮೆ. ಟೆಫೆರಿ 2018ರಲ್ಲಿ ಬಂದಾಗ ಕೆಲವರು ಬೇರೆ ಗೆಲ್ಲಿಸುವ ಕಾರ್ಡನ್ನೇ ಹಾಕದೆ ಆಡಿದರು. ಟೆಫೆರಿಯ ಎರಡನೇ ಸಾಮರ್ಥ್ಯ ಒಂದು ಪರ್ಮನೆಂಟನ್ನು ಅದರ ಮಾಲೀಕರ ಲೈಬ್ರರಿಯಲ್ಲಿ ಮೇಲಿನಿಂದ ಮೂರನೇ ಜಾಗಕ್ಕೆ ಸೇರಿಸುತ್ತದೆ. ಅದನ್ನು ಟೆಫೆರಿಯ ಮೇಲೇ ಬಳಸಬಹುದು! ಹೀಗೆ ಮಾಡುತ್ತಿದ್ದರೆ ನಿಮ್ಮ ಲೈಬ್ರರಿ ಖಾಲಿಯಾಗುವುದೇ ಇಲ್ಲ. ಎದುರಾಳಿಯದು ಖಾಲಿಯಾಗುತ್ತದೆ. ಖಾಲಿ ಲೈಬ್ರರಿಯಿಂದ ಕಾರ್ಡ್ ಎಳೆಯಬೇಕಾಗಿ ಬಂದವರು ಸೋತರು.

ಚೆಂದದ ಉಪಾಯ, ನನಗೆ ತುಂಬ ಇಷ್ಟ. ಆದರೆ ಟೂರ್ನಮೆಂಟ್‌ನಲ್ಲಿ ಗಡಿಯಾರ ಇರುತ್ತದೆ. ಮೇಲಿನ ಕಟ್ಟಿನಲ್ಲಿ ಶಾರ್ಕ್, ಸಮುರಾಯ್, ಸ್ಟಾರ್ಮ್ ಜೈಂಟ್ಸ್ ಇರುವುದು ಬೇಗ ಮುಗಿಸೋಕೆ. ಇವೆಲ್ಲ ಬೇರೆ ಕೆಲಸವನ್ನೂ ಮಾಡುತ್ತವೆ. ಗೆಲ್ಲಿಸೋದೊಂದೇ ಕೆಲಸ ಇರುವ ಕಾರ್ಡ್ ಈ ಡೆಕ್‌ನಲ್ಲಿ ಸೊನ್ನೆ ಇದ್ದರೂ ನಡೆಯುತ್ತದೆ.

ಎಂಥ ಕೈ ಇಟ್ಟುಕೊಳ್ಳಬೇಕು, ಎಂಥದ್ದನ್ನು ಬಿಡಬೇಕು?

ನಾಲ್ಕು ಲ್ಯಾಂಡ್, ಒಂದು ಅಗ್ಗದ ಉತ್ತರ, ಒಂದು ವೈಪ್: ಯೋಚಿಸದೆ ಇಟ್ಟುಕೊಳ್ಳಿ. ಐದು ಲ್ಯಾಂಡ್ ಜೊತೆ ಡೆಲ್ಯೂಜ್ ಮತ್ತು ಒಂದು ಉತ್ತರ ಇದ್ದರೂ ಇಟ್ಟುಕೊಳ್ಳಿ.

ಮೋಸ ಮಾಡುವುದು ಎರಡು ಲ್ಯಾಂಡ್ ಮತ್ತು ಐದು ಸುಂದರ ಕಾರ್ಡ್ ಇರುವ ಕೈ. 27 ಲ್ಯಾಂಡ್‌ನ ಡೆಕ್, ನೀವೇ ಮೊದಲು ಆಡುತ್ತಿದ್ದೀರಿ. ಮೂರನೇ ಟರ್ನ್‌ಗೆ ಮೂರನೇ ಲ್ಯಾಂಡ್ ಸಿಗುವ ಸಾಧ್ಯತೆ ಶೇ 73, ಪರವಾಗಿಲ್ಲ ಅನ್ನಿಸುತ್ತದೆ. ಆದರೆ ನಾಲ್ಕನೇ ಟರ್ನ್‌ಗೆ ನಾಲ್ಕು ಲ್ಯಾಂಡ್ ಆಗುವ ಸಾಧ್ಯತೆ ಬರೀ ಶೇ 46. ಬಿಡಿ ಆ ಕೈಯನ್ನು. 2019ರಿಂದ ಇರುವ ಲಂಡನ್ ಮಲಿಗನ್‌ನಲ್ಲಿ (ಮೊದಲ ಕೈ ಬದಲಿಸುವ ನಿಯಮ) ಮತ್ತೆ ಏಳು ಕಾರ್ಡ್ ನೋಡಿ ಒಂದನ್ನು ಕೆಳಗಿಡುತ್ತೀರಿ. ಆರು ಒಳ್ಳೆಯ ಕಾರ್ಡ್‌ಗಳಿಂದ ಈ ಡೆಕ್ ಆರಾಮಾಗಿ ಗೆಲ್ಲುತ್ತದೆ, ಯಾಕಂದರೆ ಡೆಲ್ಯೂಜ್ ಆ ಕೊರತೆ ತುಂಬುತ್ತದೆ.

ಸೈಡ್‌ಬೋರ್ಡ್ ಹೇಗೆ ಕಟ್ಟಲಿ?

ಸೈಡ್‌ಬೋರ್ಡ್ ಅಂದರೆ ಮೊದಲ ಆಟದ ನಂತರ ಡೆಕ್‌ಗೆ ಬದಲಿಸಿಕೊಳ್ಳಲು ಪಕ್ಕಕ್ಕಿಟ್ಟ 15 ಕಾರ್ಡ್. ಮೊದಲು ಏನು ತೆಗೆಯುತ್ತೀರಿ ಅಂತ ಎಣಿಸಿ. ಲೋಟಸ್ ಫೀಲ್ಡ್ ಎದುರು ನಿಮ್ಮ 60ರಲ್ಲಿ ಹತ್ತು ಕಾರ್ಡ್ ಕೆಲಸಕ್ಕೆ ಬಾರದೆ, ಬದಲಿಗೆ ಹಾಕೋಕೆ ನಾಲ್ಕೇ ಇದ್ದರೆ, ಉಳಿದ ಆರು ಸತ್ತ ಕಾರ್ಡ್‌ಗಳನ್ನು ಹೊತ್ತುಕೊಂಡೇ ಆಡಬೇಕು. ಆರೇ ಕಾರ್ಡ್ ತೆಗೆಯಬೇಕಾದ ಕಡೆ ಒಂಬತ್ತು ಹಾಕೋಕೆ ಇಟ್ಟುಕೊಂಡರೆ ಆ ಮೂರು ಜಾಗ ದಂಡ. ತೆಗೆಯುವ ಸಂಖ್ಯೆ, ಹಾಕುವ ಸಂಖ್ಯೆ ಪ್ರತಿ ಡೆಕ್‌ಗೂ ತಾಳೆಯಾಗುವವರೆಗೆ 15 ಕಾರ್ಡ್‌ಗಳನ್ನು ಬದಲಿಸುತ್ತಾ ಇರಿ.

ರೆಸ್ಟ್ ಇನ್ ಪೀಸ್ ಗ್ರೇವ್‌ಯಾರ್ಡ್ ನಂಬಿದ ಡೆಕ್‌ಗಳಿಗೆ ನೇರ ಪೆಟ್ಟು. ಅದು ನಿಮ್ಮ ಡೆಲ್ಯೂಜ್‌ನ ಫ್ಲಾಶ್‌ಬ್ಯಾಕ್ (ಗ್ರೇವ್‌ಯಾರ್ಡ್‌ನಿಂದ ಮತ್ತೊಮ್ಮೆ ಆಡುವ ಅವಕಾಶ) ಕೂಡ ಅಳಿಸುತ್ತದೆ, ಪರವಾಗಿಲ್ಲ. ಮಿಸ್ಟಿಕಲ್ ಡಿಸ್ಪ್ಯೂಟ್ ನೀಲಿ ಸ್ಪೆಲ್ ಎದುರು ಒಂದೇ ಮಾನಾಗೆ ಸಿಗುತ್ತದೆ. ಕೆಂಪು ಡೆಕ್‌ಗಳಿಗೆ ಲೈರಾ ಡಾನ್‌ಬ್ರಿಂಗರ್ ನನ್ನ ಮೆಚ್ಚಿನ ಆಯ್ಕೆ. ನಿಮ್ಮ ಡೆಕ್‌ನಲ್ಲಿ ಕ್ರೀಚರ್ ಇಲ್ಲ ಅಂತ ನೋಡಿದ ಎದುರಾಳಿ ಎರಡನೇ ಆಟಕ್ಕೆ ಕ್ರೀಚರ್ ಕೊಲ್ಲುವ ಕಾರ್ಡ್‌ಗಳನ್ನು ಹೊರಗಿಡುತ್ತಾರೆ. ಆಗ ಹಾರುವ, ಹೊಡೆದಷ್ಟೂ ಲೈಫ್ ಕೊಡುವ 5/5 ಬಂದು ನಿಂತರೆ ಅವರ ಹತ್ತಿರ ಉತ್ತರ ಇರುವುದಿಲ್ಲ.

50 ನಿಮಿಷದಲ್ಲಿ ಮೂರು ಆಟ ಮುಗಿಸೋಕೆ ಆಗುತ್ತಾ?

ಆಗುತ್ತದೆ, ಅಭ್ಯಾಸ ಬೇಕು. ಸಮಯ ಮುಗಿದ ಮೇಲೆ ಐದು ಟರ್ನ್ ಸಿಗುತ್ತದೆ, ಅಷ್ಟರಲ್ಲೂ ತೀರ್ಮಾನವಾಗದಿದ್ದರೆ ಡ್ರಾ. ಗೆಲುವಿಗೆ 3 ಅಂಕ, ಡ್ರಾಗೆ 1. ಎರಡು ಡ್ರಾ ಆದರೆ ಮುಂದಿನ ಸುತ್ತಿನ ಆಸೆ ಹೆಚ್ಚುಕಡಿಮೆ ಮುಗಿದಂತೆ. ಯೋಚನೆಯನ್ನೆಲ್ಲ ಎದುರಾಳಿಯ ಟರ್ನ್‌ನಲ್ಲೇ ಮಾಡಿ. ಲ್ಯಾಂಡ್ ಹಾಕಿ ಟರ್ನ್ ಬಿಡುವ ಹೊತ್ತಿನಲ್ಲಿ ಕೂತು ಆಲೋಚಿಸಬೇಡಿ. ಸೋಲು ಖಚಿತವಾದ ಮೊದಲ ಆಟವನ್ನು ಬೇಗ ಬಿಟ್ಟುಕೊಡಿ, ಉಳಿದ ಎರಡಕ್ಕೆ ಸಮಯ ಸಿಗುತ್ತದೆ. ಎದುರಾಳಿ ನಿಧಾನ ಮಾಡುತ್ತಿದ್ದರೆ ಜಡ್ಜ್ ಕರೆಯಲು ಸಂಕೋಚ ಬೇಡ, ಅದು ಜಗಳ ಅಲ್ಲ. ಮ್ಯಾಜಿಕ್ ಆನ್‌ಲೈನ್‌ನಲ್ಲಿ ಇಬ್ಬರಿಗೂ 25 ನಿಮಿಷದ ಪ್ರತ್ಯೇಕ ಗಡಿಯಾರ. ಅಲ್ಲಿ ಆಡಿ ಅಭ್ಯಾಸವಾದವರ ಕೈ ತಾನಾಗಿಯೇ ಚುರುಕಾಗುತ್ತದೆ.

ತಿದ್ದಿದ್ದು ಸರಿಯಾಯಿತೋ ಇಲ್ಲವೋ ಹೇಗೆ ಗೊತ್ತಾಗುತ್ತದೆ?

ಗೆಲುವು-ಸೋಲು ಎಣಿಸಿದರೆ ಬೇಗ ಗೊತ್ತಾಗುವುದಿಲ್ಲ. ಸರಿಸಮಾನವಾದ ಡೆಕ್ ಕೂಡ ಹತ್ತರಲ್ಲಿ ಏಳು ಅಥವಾ ಜಾಸ್ತಿ ಆಟ ಗೆಲ್ಲುವ ಸಾಧ್ಯತೆ ಶೇ 17 ಇದೆ. 7-3 ಅಂತ ಖುಷಿಪಟ್ಟು ತೀರ್ಮಾನ ಮಾಡಬೇಡಿ.

ಅದಕ್ಕಿಂತ ಕೆಲಸಕ್ಕೆ ಬರುವ ಗುರುತು ಒಂದಿದೆ. ಸೋತ ಪ್ರತಿ ಆಟದ ಕೊನೆಗೆ ನಿಮ್ಮ ಕೈಯಲ್ಲಿ ಉಳಿದ ಕಾರ್ಡ್‌ಗಳನ್ನು ಬರೆದಿಡಿ. ಪಕ್ಕದಲ್ಲೇ, ಆ ಹೊತ್ತಿಗೆ ಯಾವ ಕಾರ್ಡ್ ಇದ್ದಿದ್ದರೆ ಉಳಿಯುತ್ತಿದ್ದಿರಿ ಅಂತ ಬರೆಯಿರಿ. ಕೆಲವು ದಿನ ಹೀಗೆ ಮಾಡಿದರೆ ಒಂದೇ ಹೆಸರು ಮತ್ತೆ ಮತ್ತೆ ಕಾಣಿಸುತ್ತದೆ. ಡೋವಿನ್ಸ್ ವೀಟೊ ಪ್ರತಿ ಸಲ ಕೈಯಲ್ಲೇ ಉಳಿಯುತ್ತಿದ್ದರೆ ಅದು ಸೈಡ್‌ಬೋರ್ಡ್‌ಗೆ ಹೋಗಬೇಕಾದ ಕಾರ್ಡ್. ಒಂದು ಸಲಕ್ಕೆ ಎರಡು-ಮೂರು ಕಾರ್ಡ್ ಮಾತ್ರ ಬದಲಿಸಿ, ಇಲ್ಲದಿದ್ದರೆ ಯಾವುದರಿಂದ ಏನಾಯಿತು ತಿಳಿಯುವುದಿಲ್ಲ. ಸೈಡ್‌ಬೋರ್ಡ್ ಹಾಕಿದ ಮೇಲಿನ ಆಟಗಳನ್ನೇ ಜಾಸ್ತಿ ಅಭ್ಯಾಸ ಮಾಡಿ. ಮೂರು ಆಟದ ಪಂದ್ಯದಲ್ಲಿ ಎರಡು ಹಾಗೇ ಇರುತ್ತವೆ.

ಕಾರ್ಡ್ ದುಬಾರಿ. ಕೊಳ್ಳದೆ ಪರೀಕ್ಷಿಸುವುದು ಹೇಗೆ?

ಕಾಗದದ ಚೀಟಿಯಲ್ಲಿ ಹೆಸರು ಬರೆದು, ಹಳೇ ಕಾರ್ಡ್ ಮುಂದಿಟ್ಟು ಸ್ಲೀವ್‌ಗೆ ಹಾಕಿ. ಗೆಳೆಯರ ಜೊತೆ ಆಡೋಕೆ ಅದು ಧಾರಾಳ ಸಾಕು. ಬೆಂಗಳೂರಿನಲ್ಲಿ ಕೂತು ಬಿಡಿ ಕಾರ್ಡ್‌ಗಳನ್ನು ಹೊರದೇಶದಿಂದ ತರಿಸುವವರಿಗೆ ಸಾಗಣೆ, ಸುಂಕ ಎರಡೂ ಬೀಳುತ್ತದೆ. ಆದ್ದರಿಂದ ಕಟ್ಟು ಗಟ್ಟಿಯಾದ ಮೇಲೆ ಒಟ್ಟಿಗೆ ತರಿಸುವುದು ಜಾಣತನ. ಮೊದಲು ಲ್ಯಾಂಡ್ ಕೊಳ್ಳಿ, ಉತ್ತರಗಳು ಬದಲಾಗುತ್ತವೆ, ಲ್ಯಾಂಡ್ ಉಳಿಯುತ್ತವೆ. ಅಧಿಕೃತ ಟೂರ್ನಮೆಂಟ್‌ಗೆ ಚೀಟಿ ನಡೆಯುವುದಿಲ್ಲ.

ಮ್ಯಾಜಿಕ್‌ನ ಇನ್ನೊಂದು ಆನ್‌ಲೈನ್ ರೂಪವಾದ ಅರೀನಾದಲ್ಲಿ ಒಂದೇ ಆಟದ ಪಂದ್ಯಕ್ಕೆ ಇದೇ ಡೆಕ್ ಸಾಕಾ?

ಸ್ವಲ್ಪ ಬದಲಿಸಬೇಕು. ಸೈಡ್‌ಬೋರ್ಡ್ ಇಲ್ಲದ ಕಾರಣ ವೀಟೊದಂಥ ಕಿರಿದಾದ ಕಾರ್ಡ್ ಇಳಿಸಿ, ಎಲ್ಲದಕ್ಕೂ ಸ್ವಲ್ಪ ಸ್ವಲ್ಪ ಉಪಯೋಗ ಬರುವ ಮಾರ್ಚ್, ಗೆಟ್ ಲಾಸ್ಟ್ ಏರಿಸಿ. ಅಲ್ಲಿ ವೇಗದ ಡೆಕ್‌ಗಳೂ ಜಾಸ್ತಿ. ಒಂದೇ ಆಟದ ಪಂದ್ಯಗಳಲ್ಲಿ ಅರೀನಾ ಮೊದಲ ಕೈಯ ಲ್ಯಾಂಡ್ ಪ್ರಮಾಣವನ್ನು ಡೆಕ್‌ನ ಸರಾಸರಿಯ ಹತ್ತಿರ ತರುತ್ತದೆ. ಹಾಗಾಗಿ 26 ಲ್ಯಾಂಡ್‌ಗೆ ಇಳಿದರೂ ನಡೆಯುತ್ತದೆ.

ಪೋಕೆಮಾನ್, ಯುಗಿಯೊ ಆಡುವವರಿಗೂ ಇದು ಅನ್ವಯಿಸುತ್ತಾ?

ಎದುರಾಳಿಯಿಂದ ಶುರು ಮಾಡುವ ಕ್ರಮ ಅನ್ವಯಿಸುತ್ತದೆ. ಸಂಖ್ಯೆಗಳು ಇಲ್ಲ. ಪೋಕೆಮಾನ್‌ನಲ್ಲಿ ಸೈಡ್‌ಬೋರ್ಡ್ ಇಲ್ಲ, ಎಲ್ಲ ಉತ್ತರವೂ 60ರೊಳಗೇ ಇರಬೇಕು. ಯುಗಿಯೊದಲ್ಲಿ ಮಾನಾ ಇಲ್ಲ, ಡೆಕ್ 40 ಕಾರ್ಡ್‌ನಿಂದ ಶುರು, ಮೊದಲ ಟರ್ನ್‌ನಲ್ಲೇ ಆಟ ಅರ್ಧ ಮುಗಿದಿರಬಹುದು. ಅಲ್ಲಿ ಎದುರಾಳಿಯ ಟರ್ನ್‌ನಲ್ಲೇ ಕೈಯಿಂದ ಆಡಬಹುದಾದ ಕಾರ್ಡ್‌ಗಳಿಗೆ ಬೆಲೆ ಜಾಸ್ತಿ.

ಎದುರಿಗೂ ಕಂಟ್ರೋಲ್ ಡೆಕ್ ಬಂದರೆ?

ಆಗ ಲ್ಯಾಂಡ್‌ಗಳೇ ನಿಮ್ಮ ಅತಿ ಮುಖ್ಯ ಕಾರ್ಡ್‌ಗಳು. ಪ್ರತಿ ಟರ್ನ್ ಲ್ಯಾಂಡ್ ಇಳಿಸಿದವರು ಒಂದು ಹಂತದಲ್ಲಿ ಒಂದೇ ಟರ್ನ್‌ಗೆ ಎರಡು ಸ್ಪೆಲ್ ಆಡಬಲ್ಲರು, ಇನ್ನೊಬ್ಬರಿಗೆ ಆಗದು. ಐದನೇ ಲ್ಯಾಂಡ್ ಬಂತು ಅಂತ ಟೆಫೆರಿಯನ್ನು ಹಾಕಬೇಡಿ. ಎದುರಾಳಿಯ ಹತ್ತಿರ ಕೌಂಟರ್ ಇದ್ದರೆ ನಿಮ್ಮ ಟರ್ನೂ ಹೋಯಿತು, ಟೆಫೆರಿಯೂ ಹೋದ. ಬದಲಿಗೆ ಅವರ ಟರ್ನ್ ಕೊನೆಯಲ್ಲಿ ಡೆಲ್ಯೂಜ್ ಆಡಿ. ಅದಕ್ಕೆ ಅವರು ಮಾನಾ ಖರ್ಚು ಮಾಡಿ ಕೌಂಟರ್ ಹಾಕಿದರೆ ನಿಮ್ಮ ಟರ್ನ್‌ನಲ್ಲಿ ಟೆಫೆರಿಗೆ ದಾರಿ ತೆರೆಯಿತು. ಹಾಕದಿದ್ದರೆ ನಿಮಗೆ ಎರಡು ಕಾರ್ಡ್ ಸಿಕ್ಕಿತು. ಶಾರ್ಕ್ ಟೈಫೂನನ್ನು ಸೈಕಲ್ ಮಾಡುವುದೂ (ಮಾನಾ ಕೊಟ್ಟು ಕೈಯಿಂದ ಬಿಸಾಡಿ ಹೊಸ ಕಾರ್ಡ್ ಎಳೆಯುವುದು, ಜೊತೆಗೆ ಶಾರ್ಕ್ ಬರುತ್ತದೆ) ಅದೇ ಹೊತ್ತಿನಲ್ಲಿ. ಸೈಕ್ಲಿಂಗ್ ಸ್ಪೆಲ್ ಅಲ್ಲ, ಆದ್ದರಿಂದ ಸಾಮಾನ್ಯ ಕೌಂಟರ್‌ಗಳು ಅದನ್ನು ತಡೆಯಲಾರವು. ಕೈಯಲ್ಲಿ ಎಂಟು ಕಾರ್ಡ್ ಆಗಿ ಒಂದನ್ನು ಬಿಸಾಡಬೇಕಾಗಿ ಬಂದರೂ ಗಾಬರಿ ಬೇಡ. ಈ ಪಂದ್ಯದಲ್ಲಿ ಗುರಿಯೇ ಇಲ್ಲದ ವರ್ಡಿಕ್ಟ್ ಒಂದನ್ನು ಬಿಸಾಡಿ, ಟರ್ನ್ ಬಿಡಿ.